ಮೋರಿಯಲ್ಲಿ ಬದುಕುವ ಹುಳು ಸೋಪಿಗೆ ಸತ್ತಿದ್ದು ಯಾಕೆ?

ಗಪ್ಪಿಗೆಳೆಯ:
ಎಲ್ಲರಿಗೂ ನಮಸ್ಕಾರ. ಮೀನಿಗೆ ಹಾಕಲು ವಾರಕ್ಕೊಮ್ಮೆ ಟ್ಯೂಬಿಫೆಕ್ಸ್ ತರುತ್ತೇನೆ, ಅದೇ ಕೆಂಪು ದಾರದ ಉಂಡೆ ಥರ ಇರುತ್ತದಲ್ಲ ಆ ಹುಳು. ಎರಡು ಟಬ್ಬಿಗೆ ಹಂಚಿ ಇಡುವುದು ಅಭ್ಯಾಸ. ಮೊನ್ನೆ ಒಂದು ಟಬ್ ಗಬ್ಬು ನಾರುತ್ತಿತ್ತು ಅಂತ ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿ, ಒಂದೇ ಸಲ ನೀರು ಹಾಕಿ ಚೆಲ್ಲಿ, ಹುಳು ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಉಂಡೆ ಚದುರಿಹೋಗಿದೆ, ಹುಳು ಬಿಳಚಿಕೊಂಡಿವೆ, ಮೇಲೆಲ್ಲ ಸಿಂಬಳದಂಥ ಲೋಳೆ. ಪಕ್ಕದ ಟಬ್ಬಿನವು ಆರಾಮಾಗಿವೆ. ಇವು ಮೋರಿ ಕೆಸರಲ್ಲೇ ಹುಟ್ಟಿ ಬೆಳೆಯುವ ಹುಳು. ಅಲ್ಲಿಗೆ ಊರಿನ ಸೋಪಿನ ನೀರೆಲ್ಲ ಬರುತ್ತದೆ ಅಲ್ವಾ? ಅಲ್ಲಿ ಬದುಕುವವು ನನ್ನ ಟಬ್ಬಿನಲ್ಲಿ ಯಾಕೆ ಸತ್ತವು?

ಹಳೇಟ್ಯಾಂಕ್:
ಸೋಪಲ್ಲ ಗುರು, ಕ್ಲೋರಿನ್. ನಲ್ಲಿ ನೀರು ಒಂದು ದಿನ ತೆರೆದಿಟ್ಟು ಹಾಕಿ.

ಗಪ್ಪಿಗೆಳೆಯ:
ಎರಡು ಟಬ್ಬಿಗೂ ಒಂದೇ ಡ್ರಮ್ಮಿನ ನೀರು, ಎರಡು ದಿನ ಇಟ್ಟದ್ದು.

ಪ್ರಾಣಿಶಾಸ್ತ್ರ ಮೇಡಂ:
ಹಾಗಾದರೆ ಸೋಪೇ. ಈ ಹುಳು ಉಸಿರಾಡುವುದು ಮೈಚರ್ಮದಿಂದ. ತಲೆ ಕೆಸರಲ್ಲಿ ಹುಗಿದು ಬಾಲ ಮೇಲೆ ಚಾಚಿ ಆಡಿಸುತ್ತಿರುತ್ತದೆ, ಆಮ್ಲಜನಕ ಕಮ್ಮಿಯಾದಷ್ಟೂ ಬಾಲ ಇನ್ನೂ ಹೊರಗೆ ಬಂದು ಜೋರಾಗಿ ಆಡುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಇದೆ, ಆ ಕೆಂಪು ಅದರದ್ದೇ. ಹಾಗಾಗಿ ಕೊಳಚೆ ಅಂದರೆ ಅದಕ್ಕೆ ಗಾಳಿ ಕಮ್ಮಿ, ಊಟ ಜಾಸ್ತಿ, ಅಷ್ಟೇ.

ಡಿಟರ್ಜೆಂಟಿನ ಕಥೆ ಬೇರೆ. ಅದರಲ್ಲಿ ಜಿಡ್ಡು ಬಿಡಿಸುವ ಸರ್ಫ್ಯಾಕ್ಟಂಟ್ ಇರುತ್ತದೆ. ಜೀವಕೋಶದ ಪೊರೆಯಲ್ಲೂ ಇರುವುದು ಜಿಡ್ಡೇ. ತಟ್ಟೆಯ ಎಣ್ಣೆಗೆ ಏನು ಮಾಡುತ್ತದೋ ಹುಳುವಿನ ಚರ್ಮಕ್ಕೂ ಅದನ್ನೇ ಮಾಡುತ್ತದೆ. ಹುಳು ತಡೆಯಲಾರದೆ ಲೋಳೆ ಸುರಿಸುತ್ತದೆ, ಆ ಲೋಳೆ ಮೈಮೇಲೆ ದಪ್ಪಗೆ ಕೂತರೆ ಉಸಿರಿಗೂ ಅಡ್ಡ.

ಪುಡಿಯಲ್ಲಿ ಸರ್ಫ್ಯಾಕ್ಟಂಟ್ ನೂರಕ್ಕೆ 15 ಅಂತಿಟ್ಟುಕೊಳ್ಳಿ. ಟಬ್ಬಿನ ಮೂಲೆಯಲ್ಲಿ 1 ಗ್ರಾಂ ಪುಡಿ ಉಳಿದಿದ್ದರೂ 5 ಲೀಟರ್ ನೀರಲ್ಲಿ ಲೀಟರಿಗೆ 30 ಮಿಲಿಗ್ರಾಂ ಆಯಿತು. ಎಷ್ಟೋ ಜಾತಿಯ ಮೀನು ಸಾಯಲು 10 ಮಿಲಿಗ್ರಾಂ ಕೂಡ ಬೇಕಾಗುವುದಿಲ್ಲ. ಮೋರಿಯಲ್ಲಿ ಕೆಸರಿದೆ ನೋಡಿ, ಸರ್ಫ್ಯಾಕ್ಟಂಟ್ ಬಹಳಷ್ಟು ಅದಕ್ಕೆ ಅಂಟಿಕೊಳ್ಳುತ್ತದೆ, ಗಾಳಿಯಾಡುವ ಕಡೆ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ಅಂಟಿಕೊಂಡದ್ದು ಹುಳುವಿನ ಮೈಗೆ ಅಷ್ಟಾಗಿ ತಾಗುವುದಿಲ್ಲ. ನಿಮ್ಮ ಟಬ್ಬಿನಲ್ಲಿ ಅಂಟಿಕೊಳ್ಳಲು ಹುಳು ಬಿಟ್ಟರೆ ಬೇರೇನಿತ್ತು?

ವರ್ತೂರುಹುಡುಗ:
2015ರಲ್ಲಿ ಬೆಂಗಳೂರಿನ ನಮ್ಮ ವರ್ತೂರು ಕೆರೆ ನೊರೆ ರಸ್ತೆಗೇ ಹಾರಿ ಬರುತ್ತಿತ್ತು, ಬೈಕಲ್ಲಿ ಹೋದರೆ ಹೆಲ್ಮೆಟ್ ಗಾಜಿಗೆ ಮೆತ್ತಿಕೊಂಡು ಒಂದು ಥರ ಕಮಟು ವಾಸನೆ. ಅದೇ ವರ್ಷ ಬೆಳ್ಳಂದೂರಲ್ಲಿ ನೊರೆಗೆ ಬೆಂಕಿ ಹತ್ತಿದ್ದು ನೆನಪಿರಬಹುದು. ವಿಚಿತ್ರ ಅಂದರೆ ಮಳೆ ಬಂದಾಗಲೇ ನೊರೆ ಜಾಸ್ತಿ. ಮಳೆ ನೀರು ಸೇರಿದರೆ ಸೋಪು ತೆಳುವಾಗಬೇಕು ಅಲ್ವಾ ಅಂದುಕೊಂಡಿದ್ದೆ. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ)ಯವರು ವಿವರಿಸಿದ್ದು ಓದಿದೆ, ತಳದ ಕೆಸರಲ್ಲಿ ಕೂತಿದ್ದ ಸರ್ಫ್ಯಾಕ್ಟಂಟ್ ಮಳೆಗೆ ಕದಡಿ ಮೇಲೆ ಬರುತ್ತದಂತೆ. ಮೇಡಂ, ಕೆಸರು ಹುಳುವನ್ನು ಕಾಯುತ್ತದೆ ಅಂದಿರಿ. ಆದರೆ ಹುಳು ತಿನ್ನುವುದೇ ಆ ಕೆಸರನ್ನು!

ಪ್ರಾಣಿಶಾಸ್ತ್ರ ಮೇಡಂ:
ಸರಿಯಾಗಿ ಹಿಡಿದಿರಿ. 'ಅಷ್ಟಾಗಿ' ಅಂದಿದ್ದು ಅದಕ್ಕೇ. ಗಾಳಿಯಿಲ್ಲದ ಕಪ್ಪು ಕೆಸರಲ್ಲಿ ಸರ್ಫ್ಯಾಕ್ಟಂಟ್ ಬೇಗ ಕೊಳೆತು ಹೋಗುವುದಿಲ್ಲ, ಹುಳು ತಿಂದಾಗ ಹೊಟ್ಟೆಗೂ ಹೋಗುತ್ತದೆ. ಇನ್ನೊಂದು ವಿಷಯ, ಈ ಹುಳು ಕೆಳಗಿನ ಕೆಸರು ತಿಂದು ಹಿಕ್ಕೆಯನ್ನು ಮೇಲೆ ಹಾಕುತ್ತದೆ. ಒಂಥರಾ ಉಳುಮೆ. ತಳದ್ದು ಗಾಳಿ ಇರುವ ಕಡೆಗೆ ಬರುವುದು ಅದರಿಂದಲೇ. ಹುಳು ಸತ್ತರೆ ಆ ಉಳುಮೆಯೂ ನಿಂತಹಾಗೆ.

ಗಪ್ಪಿಗೆಳೆಯ:
ಬದುಕಿದವು ಒಂದು ಚಮಚದಷ್ಟಿವೆ, ಕೆಲವಕ್ಕೆ ಬಾಲವೇ ಇಲ್ಲ. ಮೀನಿಗೆ ಹಾಕಬಹುದಾ?

ಪ್ರಾಣಿಶಾಸ್ತ್ರ ಮೇಡಂ:
ವಿಷ ತಾಗಿದರೆ ಬಾಲವನ್ನು ತಾನೇ ಕಳಚಿಕೊಳ್ಳುತ್ತದೆ, ಆಮೇಲೆ ಬೆಳೆಯುತ್ತದೆ. ಮೀನಿಗೆ ಮಾತ್ರ ಹಾಕಬೇಡಿ. ಬೇರೆ ಪಾತ್ರೆಗೆ ಹಾಕಿ, ನೀರು ಬದಲಾಯಿಸುತ್ತಾ ಇರಿ. ಇನ್ನು ಮೇಲೆ ಟಬ್ ಉಜ್ಜಲು ಕಲ್ಲುಪ್ಪು ಸಾಕು, ಆಮೇಲೆ ಚೆನ್ನಾಗಿ ತೊಳೆಯಿರಿ.

ಗಪ್ಪಿಗೆಳೆಯ:
ಹಾಗೇ ಮಾಡುತ್ತೇನೆ. ಆ ಟಬ್ ಹೊರಗಿಟ್ಟಿದ್ದೆ, ಮನೆಯವಳು ಬಟ್ಟೆ ನೆನೆಸಲು ಎತ್ತಿಕೊಂಡು ಹೋಗಿದ್ದಾಳೆ.