ಅಕ್ಕಾದೇವಿ ನಿಜವಾಗಿ ಆಳಿದ್ದಳಾ, ಇಲ್ಲ ಹೆಸರಿಗಷ್ಟೇನಾ?

ಪ್ರಶ್ನೆ:
ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಬಗ್ಗೆ ಎಲ್ಲೇ ಓದಿದರೂ 'ಎರಡನೇ ಜಯಸಿಂಹನ ಅಕ್ಕ, ವೀರನಾರಿ' ಅಂತ ಎರಡು ಸಾಲು, ಅಷ್ಟೇ. ನಿಜವಾಗಿ ಅಧಿಕಾರ ಇತ್ತಾ? ಸುಮ್ನೆ ಹೊಗಳಿಕೆ ಅಲ್ಲ ತಾನೇ?

ಉತ್ತರ 1:
ಇತ್ತು. ಕಿಸುಕಾಡು 70 ಅವಳ ಕೈಯಲ್ಲಿತ್ತು, ಅಂದರೆ ಪಟ್ಟದಕಲ್ಲು ಸುತ್ತಿನ ಎಪ್ಪತ್ತು ಹಳ್ಳಿಗಳ ಸೀಮೆ. 1047ರಲ್ಲಿ ಗೋಕಾಗೆ ಕೋಟೆಗೆ ಮುತ್ತಿಗೆ ಹಾಕಿದ್ದೂ ಶಾಸನದಲ್ಲಿದೆ, ಅದು ಈಗಿನ ಗೋಕಾಕ. 'ಗುಣದಬೆಡಂಗಿ', ಅಂದರೆ ಗುಣದಲ್ಲಿ ಚೆಲುವೆ, ಅನ್ನೋ ಬಿರುದು ಬೇರೆ!

ಉತ್ತರ 2:
ಯುದ್ಧದ ಮಾತೇ ಜಾಸ್ತಿ ಆಯ್ತು. ನನಗೆ ಇಷ್ಟವಾಗೋದು ಗದಗ ಜಿಲ್ಲೆಯ ಸೂಡಿಯ ಶಾಸನ. ಚೋಳರ ಜೊತೆಗಿನ ಯುದ್ಧದಲ್ಲಿ ಊರಿನ ಕಟ್ಟುಪಾಡು ಹದಗೆಟ್ಟಿತ್ತು, ಆಗ ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಅದನ್ನು ಮತ್ತೆ ಬರೆದುಕೊಟ್ಟರು, ಅದೂ ಅಕ್ಕಾದೇವಿಯ ಅಧಿಕಾರಿಗಳ ಮೂಲಕ. ಆಡಳಿತ ಅಂದ್ರೆ ಇದೇ ಅಲ್ವಾ?

ಪ್ರಶ್ನೆ ಕೇಳಿದವರು:
ಇದು ಗೊತ್ತೇ ಇರಲಿಲ್ಲ. ಅಧಿಕಾರಿಗಳೇ ಮಾಡಿದ್ದು ಅಂದರೆ ಅವಳ ಪಾತ್ರ ಎಷ್ಟು?

ಉತ್ತರ 2:
ರಾಜರ ವಿಷಯದಲ್ಲಿ ಈ ಪ್ರಶ್ನೆ ಯಾರೂ ಕೇಳಲ್ಲ ನೋಡಿ. ಅವರ ಕೆಲಸ ಮಾಡಿದ್ದೂ ಅಧಿಕಾರಿಗಳೇ.

ಉತ್ತರ 1:
ಸೂಡಿಯ ಅಕ್ಕೇಶ್ವರ ದೇವಸ್ಥಾನದ ಹೆಸರಲ್ಲೂ ಅವಳೇ ಇದ್ದಾಳೆ.