ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ನುಡಿ ಕಡತಗಳ ಗತಿಯೇನು?

ಪ್ರಶ್ನೆ:
ಮಾನ್ಯರೇ, ನನ್ನ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದು. ರ‍್ಯಾಮ್ 4 ಜಿಬಿ. ವಿಂಡೋಸ್ 10ರ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಬ್ಯಾಂಕು, ಮಿಂಚಂಚೆ ಮತ್ತು ಬರವಣಿಗೆಯ ಹೊರತು ನನಗೆ ಬೇರೆ ಕೆಲಸವಿಲ್ಲ. ಆದರೆ ಹದಿನೈದು ವರ್ಷಗಳಿಂದ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಬೆರಳಚ್ಚಿಸಿಟ್ಟ ಲೇಖನಗಳಿವೆ. ವಿಂಡೋಸಿಗೆ ಬದಲಿ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸಿಗೆ ಹೋದರೆ ಅವನ್ನು ತೆರೆಯಲಾದೀತೇ?

ಉತ್ತರ 1:
ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಹಾಕಿಕೊಳ್ಳಿ. 1993ರಲ್ಲಿ ಆರಂಭವಾದ, ಯಾವ ಕಂಪನಿಯ ಸ್ವತ್ತೂ ಅಲ್ಲದ ಯೋಜನೆಯಿದು. ಸುಮಾರು ಎರಡು ವರ್ಷಕ್ಕೊಮ್ಮೆ ಬರುವ ಸ್ಥಿರ ಆವೃತ್ತಿಗೆ ಒಟ್ಟು ಐದು ವರ್ಷ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಹಿಂದೆ ವೈಫೈ ಸಾಧನ ನಡೆಯಲು ಬೇಕಾದ ತಂತ್ರಾಂಶವಾದ ಫರ್ಮ್‌ವೇರನ್ನು ಬೇರೆಯಾಗಿ ಹುಡುಕಿ ಹಾಕುವ ತಾಪತ್ರಯವಿತ್ತು, 2023ರ ಆವೃತ್ತಿ 12ರಿಂದ ಅದು ಅನುಸ್ಥಾಪನಾ ಕಡತದಲ್ಲಿಯೇ ಇರುತ್ತದೆ. ನಿಮ್ಮ ರ‍್ಯಾಮಿಗೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ (ತೆರೆಯ ಮೇಲಿನ ಕಿಟಕಿ, ಮೆನುಗಳ ವ್ಯವಸ್ಥೆ) ಹಗುರ. ಮೊದಲು ಪೆನ್‌ಡ್ರೈವಿನಿಂದ ಲೈವ್ ಆಗಿ ನಡೆಸಿ ನೋಡಿ. ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ವೈಫೈ, ಧ್ವನಿ, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಬಹುದು.

ಉತ್ತರ 2:
ಕೀಲಿಮಣೆಯ ಚಿಂತೆ ಬೇಡ. ಭಾರತೀಯ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವಿದೆ, ಎಂದರೆ ನೀವು ನುಡಿಯಲ್ಲಿ ಒತ್ತುತ್ತಿದ್ದ ಕೀಲಿಗಳೇ: ಒತ್ತಕ್ಷರಕ್ಕೆ ನಡುವೆ ‘ಎಫ್’ ಒತ್ತುವ ರೂಢಿ ಹಾಗೆಯೇ ನಡೆಯುತ್ತದೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದಿದ್ದರೆ, ನುಡಿಯ ಫಾಂಟ್ ಇಲ್ಲದ ಕಡೆ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಓದಲು ಮಾತ್ರವಾದರೆ ಆ ಫಾಂಟ್ ಕಡತಗಳನ್ನು ಲಿನಕ್ಸಿಗೆ ನಕಲಿಸಿಕೊಂಡರೆ ಸಾಕು, ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಕನ್ನಡ ಕಾಣುತ್ತದೆ. ಹುಡುಕಲು, ಮರುಬಳಸಲು ಬೇಕೆಂದರೆ ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಮೂಲ ಪ್ರತಿಯನ್ನು ಮಾತ್ರ ಅಳಿಸಬೇಡಿ. ನನ್ನ ಒಂದು ಲೇಖನದಲ್ಲಿ ಅರ್ಕಾವತ್ತುಗಳೆಲ್ಲ ಪಕ್ಕದ ಅಕ್ಷರಕ್ಕೆ ಹಾರಿದ್ದವು. ‘ಧರ್ಮ’ವನ್ನು ಹುಡುಕಿ ಹುಡುಕಿ ತಿದ್ದಬೇಕಾಯಿತು (ಅಂಕಣ ಬರೆಯುವವರಿಗೆ ಆ ಪದ ಎಷ್ಟು ಸಲ ಬರುತ್ತದೆಂದು ಅಂದೇ ತಿಳಿದದ್ದು).

ಉತ್ತರ 3:
ಒಂದು ತಕರಾರು. ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಹೊತ್ತ, ಪೆನ್‌ಡ್ರೈವಿನಂಥ ಸಾಧನ) ಬಳಸುವವರು ಅದರ ಚಾಲಕ ತಂತ್ರಾಂಶ ಲಿನಕ್ಸಿಗೆ ಲಭ್ಯವೇ ಎಂದು ಖಚಿತಪಡಿಸಿಕೊಳ್ಳದೆ ವಿಂಡೋಸನ್ನು ತೆಗೆಯಬಾರದು. ನಾನು ಅವಸರಪಟ್ಟು ತೆಗೆದು, ತೆರಿಗೆ ಸಲ್ಲಿಕೆಯ ಕೊನೆಯ ದಿನ ಮಗಳ ಕಂಪ್ಯೂಟರಿನ ಮೊರೆಹೋದೆ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು. ಟೋಕನ್ ನನ್ನಲ್ಲಿಲ್ಲ. ಪೆನ್‌ಡ್ರೈವಿನಿಂದ ನಡೆಸಿದೆ, ವೈಫೈ ತಾನಾಗಿ ಸಿಕ್ಕಿತು, ‘ಅಕ್ಕ’ ಎಂದು ಬೆರಳಚ್ಚಿಸಿದರೆ ಒತ್ತು ಸರಿಯಾಗಿಯೇ ಕೂತಿತು. ಪ್ರಿಂಟರ್ ಇನ್ನೂ ಮಾತಾಡುತ್ತಿಲ್ಲ. ಅದು ಇತ್ಯರ್ಥವಾಗುವವರೆಗೆ ಎರಡೂ ವ್ಯವಸ್ಥೆಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತೇನೆ.