ಅಪ್ಪಯ್ಯನ ರೇಡಿಯೋಕ್ಕೆ ಈಗಲೇ ಪ್ಲಗ್ ಹಾಕಬೇಡ

ತಮ್ಮಾ, ಗ್ರೂಪಿನಲ್ಲಿ ನೀನು ಹಾಕಿದ ಫೋಟೋ ನೋಡಿದೆ. ಶಿರಸಿ ಮನೆ ಅಟ್ಟದಲ್ಲಿ ಅಪ್ಪಯ್ಯನ ವಾಲ್ವ್ ರೇಡಿಯೋ ಸಿಕ್ಕಿತಲ್ಲ, ಎಷ್ಟು ಖುಷಿಯಾಯ್ತು ಗೊತ್ತಾ! ಸರ್ಕ್ಯೂಟ್ ಕಾಗದ ಗೆದ್ದಲು ತಿಂದಿದೆ, ಸುಮ್ನೆ ಪ್ಲಗ್ ಹಾಕಿ ನೋಡಲಾ ಅಂತ ಕೇಳಿದ್ದೀಯ. ಬೇಡವೇ ಬೇಡ.

ಕಾಗದ ಹೋದರೆ ಹೋಗಲಿ. ವಾಲ್ವು ಅಂದರೆ ಒಳಗಿರುವ ಬಲ್ಬಿನಂಥ ಗಾಜಿನ ಕೊಳವೆ, ಅದರ ಮೇಲಿನ ನಂಬರ್ ಸಿಕ್ಕಿದರೆ ಅರ್ಧ ಸರ್ಕ್ಯೂಟ್ ಸಿಕ್ಕಿದ ಹಾಗೆ. ಆದರೆ ಗಾಜನ್ನು ಒರೆಸಬೇಡ, ಧೂಳಿನ ಜೊತೆ ಅಕ್ಷರವೂ ಬಟ್ಟೆಗೆ ಬಂದುಬಿಡುತ್ತದೆ. ಮೆಲ್ಲಗೆ ಊದು, ಟಾರ್ಚ್ ಓರೆ ಹಿಡಿದು ಫೋಟೋ ತೆಗೆ. ಯಾವುದು ಯಾವ ಸಾಕೆಟ್ಟಿನಲ್ಲಿತ್ತು ಅಂತ ಬರೆದಿಡು. ಇಸಿಎಚ್ 81 ಇದ್ದರೆ ಸ್ಟೇಷನ್ ಹಿಡಿಯುವ ಕೆಲಸ ಅದರದ್ದು. ಇಝಡ್ 80 ಪವರ್ ಕಡೆಯದ್ದು. ಮೊದಲ ಅಕ್ಷರ ಇ ಅಂದರೆ ವಾಲ್ವನ್ನು ಬಿಸಿ ಮಾಡುವ ಹೀಟರಿಗೆ 6.3 ವೋಲ್ಟ್. ಯುಸಿಎಚ್ 81 ಅಂತ ಯು ಇದ್ದರೆ ಮಾತ್ರ ಬಹಳ ಹುಷಾರು. ಅಂಥ ಸೆಟ್ಟಿಗೆ ಸಾಮಾನ್ಯವಾಗಿ ಪವರ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಎಲ್ಲಾ ಭಾಗ ಕೂರಿಸಿದ ತಗಡಿನ ಚಾಸಿಗೇ ಮನೆ ಕರೆಂಟು ಬಂದಿರಬಹುದು.

ಇನ್ನು ಕೆಪಾಸಿಟರ್, ಅಂದರೆ ಕರೆಂಟನ್ನು ಒಳಗೆ ಹಿಡಿದಿಡುವ ಬಿಡಿಭಾಗ. ಮೇಣ ಮೆತ್ತಿದ ಕಾಗದದವು ನಮ್ಮ ಮಳೆಗಾಲದ ಥಂಡಿ ಕುಡಿದು ಲೀಕ್ ಆಗುತ್ತವೆ. ಸ್ಪೀಕರಿಗೆ ಸದ್ದು ಕಳಿಸುವ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ತಂತಿ ಜಾಲರಿಗೆ) ಹೋಗುವ ಒಂದಿದೆ, ಎಲ್ಲಕ್ಕಿಂತ ಮೊದಲು ಅದನ್ನು ಬದಲಿಸಬೇಕು. ಕುಮಟಾದಲ್ಲಿ ಗೆಳೆಯರೊಬ್ಬರ ಸೆಟ್ಟಿಗೆ ನಾನು ಅದನ್ನು ಬದಲಿಸದೇ ಕರೆಂಟು ಕೊಟ್ಟಿದ್ದೆ. ಎರಡು ನಿಮಿಷ ಚೆನ್ನಾಗಿ ಹಾಡಿತು. ಆಮೇಲೆ ವಾಲ್ವಿನೊಳಗಿನ ಬೂದು ತಗಡು ಒಲೆ ಕೆಂಡದ ಹಾಗೆ ಕೆಂಪಾಯ್ತು, ಮೇಣ ಸುಟ್ಟ ವಾಸನೆ ಬಂತು. ವಾಲ್ವೂ ಹೋಯ್ತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಹೋಯ್ತು. ಆ ಬೇಜಾರು ಇನ್ನೂ ಇದೆ.

ಭಾನುವಾರ ನಾನೇ ಬರುತ್ತೇನೆ. 630 ವೋಲ್ಟಿನ ಹೊಸ ಕೆಪಾಸಿಟರ್ ತರುತ್ತೇನೆ. ಮೊದಲ ಸಲ 60 ವಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿಯೇ, ಅಂದರೆ ರೇಡಿಯೋದ ಕರೆಂಟೆಲ್ಲಾ ಬಲ್ಬಿನ ಮೂಲಕವೇ ಹೋಗುವ ಹಾಗೆ ಕರೆಂಟು ಕೊಡೋಣ, ಎಲ್‌ಇಡಿ ಆಗುವುದಿಲ್ಲ. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಅಂತ. ಒಮ್ಮೆ ಕರೆಂಟು ಕೊಟ್ಟ ಮೇಲೆ, ಪ್ಲಗ್ ತೆಗೆದರೂ ಒಳಗೆ ಕೈ ಹಾಕಬೇಡ. ದೊಡ್ಡ ಕೆಪಾಸಿಟರಿನಲ್ಲಿ 250 ವೋಲ್ಟ್ ಹಾಗೇ ಉಳಿದಿರಬಹುದು.

ಅಪ್ಪಯ್ಯ ವಾರ್ತೆಗೆ ಸ್ವಲ್ಪ ಮೊದಲೇ ಸ್ವಿಚ್ ಹಾಕುತ್ತಿದ್ದರು, ಬಿಸಿಯಾಗದೆ ಸದ್ದು ಬರುವುದಿಲ್ಲ ಅಲ್ವಾ. ಧಾರವಾಡ ಆಕಾಶವಾಣಿ ಹಿಡಿಯಲು ಮುಳ್ಳು 765 ಕಿಲೋಹರ್ಟ್ಸಿಗೆ ಹೋಗಬೇಕು. ಆ ಮುಳ್ಳನ್ನು ಎಳೆಯುವ ಡಯಲಿನ ದಾರ ತುಂಡಾಗಿದೆಯಾ ನೋಡು. ಯಾವ ಗಾಲಿಗೆ ಎಷ್ಟು ಸುತ್ತು ಇದೆ ಅಂತ ಚಿತ್ರ ಬರೆದು ಇಲ್ಲೇ ಹಾಕು, ನಾನು ದಾರ ಹಿಡಿದುಕೊಂಡೇ ಬರುತ್ತೇನೆ.